ತೊಂಬತ್ತಾರು ರೂಪಾಯಿಯ ವೇಗ

ಅಂಗಡಿಯಲ್ಲಿ ನಾನೂರು ರೂಪಾಯಿಗೆ ಸಿಗುವ ವಸ್ತುವನ್ನು 96 ರೂಪಾಯಿಯಲ್ಲಿ ಮನೆಯಲ್ಲೇ ಮಾಡುವುದಕ್ಕೆ ನನಗೆ ಸುಮಾರು ಐದು ಸಾವಿರ ರೂಪಾಯಿ ಖರ್ಚು ಬರುತ್ತದೆ. ಇದು ನನ್ನ ಹೆಂಡತಿಯ ಲೆಕ್ಕ. ನನ್ನ ಲೆಕ್ಕ 96ಕ್ಕೇ ಮುಗಿಯುತ್ತದೆ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಭೂತಗನ್ನಡಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ನಮ್ಮೂರು ಗುಡ್ನಾಪುರದ ತನಕ ಕೊರಿಯರ್ ಚಾರ್ಜು, ಮೊದಲ ಸಲ ಹೊಗೆ ಬಂದ ಚಿಪ್ಪಿನ ಬದಲಿಗೆ ತರಿಸಿದ ಎರಡನೆಯ ಚಿಪ್ಪು, ಇವೆಲ್ಲ ಬಂಡವಾಳ. ಬಂಡವಾಳವನ್ನು ಖರ್ಚಿಗೆ ಸೇರಿಸುವುದು ಅಡಿಕೆ ತೋಟದವರ ಪದ್ಧತಿಯಲ್ಲ. ಸೇರಿಸಿದ್ದರೆ ಇಷ್ಟು ಹೊತ್ತಿಗೆ ಯಾರ ಹತ್ತಿರವೂ ತೋಟ ಇರುತ್ತಿರಲಿಲ್ಲ.

ಅಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಮಾಡುವ ಸುಖ ಏನೆಂದು ಅನುಭವಿಸದವರಿಗೆ ಹೇಳುವುದು ಕಷ್ಟ. ದುಡ್ಡು ಸುರಿದು ಮಾಡುವುದಾದರೆ ಯಾರು ಬೇಕಾದರೂ ಮಾಡಿಯಾರು. ಹತ್ತು ಬಿಡಿಭಾಗಗಳಲ್ಲಿ ಆಗುವ ಕೆಲಸವನ್ನು ಒಂಬತ್ತರಲ್ಲಿ ಮಾಡಿ, ಆ ಒಂಬತ್ತರಲ್ಲೂ ಒಂದನ್ನು ಕಿತ್ತು, ಇನ್ನೂ ಓಡುತ್ತಿದೆಯಲ್ಲ ಎಂದು ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ನಗುವುದಿದೆಯಲ್ಲ, ಅದು ಬೇರೆಯೇ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಸ್ವಿಟ್ಜರ್‌ಲೆಂಡ್ ಮೂಲದ ಎಂಜಿನಿಯರ್ 1971ರಲ್ಲಿ ಅಮೆರಿಕದಲ್ಲಿ ಕೂತು 555 ಎಂಬ ಟೈಮರ್ ಚಿಪ್ಪು ಮಾಡಿದ. ಮೊದಲ ನಕ್ಷೆಯಲ್ಲಿ ಅದಕ್ಕೆ ಒಂಬತ್ತು ಕಾಲು ಬೇಕಿತ್ತು. ಒಂಬತ್ತು ಕಾಲಿನ ಪೆಟ್ಟಿಗೆ ಸಿಗುತ್ತಿರಲಿಲ್ಲ. ಎಂಟು ದಾಟಿದರೆ ಹದಿನಾಲ್ಕಕ್ಕೇ ಹೋಗಬೇಕು. ಒಳಗಿನ ಒಂದು ಗೋಜಲನ್ನು ತೆಗೆದು ಆ ಜಾಗಕ್ಕೆ ಬಡಪಾಯಿ ರೆಸಿಸ್ಟರನ್ನು ಕೂರಿಸಿದ. ಒಂದು ಕಾಲು ಉಳಿಯಿತು, ಚಿಪ್ಪು ಎಂಟು ಕಾಲಿನ ಸಣ್ಣ ಪೆಟ್ಟಿಗೆಗೆ ಹಿಡಿಸಿತು. ಐವತ್ತು ವರ್ಷ ದಾಟಿದರೂ ಅದು ಹತ್ತು ಹದಿನೈದು ರೂಪಾಯಿಗೆ ಸಿಗುತ್ತದೆ, ನಮ್ಮ ನೀರಿನ ಟ್ಯಾಂಕು ತುಂಬಿದಾಗ ಕೂಗುವುದೂ ಅದೇ. ಟ್ಯಾಂಕು ತುಂಬದಿದ್ದಾಗಲೂ ಒಮ್ಮೊಮ್ಮೆ ಕೂಗುತ್ತದೆ. ಅದರ ಹೊಣೆ ಕ್ಯಾಮೆನ್‌ಜಿಂಡನದ್ದಲ್ಲ.

ಆದರೆ ನನ್ನ ನಿಜವಾದ ಗುರು ಕ್ಯಾಮೆನ್‌ಜಿಂಡ್ ಅಲ್ಲ, ಅರ್ಲ್ ಮಂಟ್ಜ್. ಹಳೇ ಕಾರು ಮಾರುತ್ತಿದ್ದ ಈ ಅಮೆರಿಕದ ಆಸಾಮಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಗ್ಗದ ಟಿವಿ ತಯಾರಿಕೆಗೆ ಇಳಿದ. ಜನ ಅವನನ್ನು ಕರೆಯುತ್ತಿದ್ದದ್ದೇ ಹುಚ್ಚ ಮಂಟ್ಜ್ ಎಂದು. ಅವನ ಬಗ್ಗೆ ಒಂದು ಕಥೆಯಿದೆ: ಜೇಬಿನಲ್ಲಿ ತಂತಿ ಕತ್ತರಿಸುವ ಇಕ್ಕಳ ಇಟ್ಟುಕೊಂಡೇ ಕಾರ್ಖಾನೆಯಲ್ಲಿ ಓಡಾಡುತ್ತಿದ್ದನಂತೆ. ಎಂಜಿನಿಯರು ಕಷ್ಟಪಟ್ಟು ಕಟ್ಟಿದ ಟಿವಿಯ ಮುಂದೆ ನಿಂತು ಒಂದೊಂದೇ ಬಿಡಿಭಾಗವನ್ನು ಚಕ್ ಚಕ್ ಎಂದು ಕತ್ತರಿಸುತ್ತ ಹೋಗುವುದು. ಚಿತ್ರ ಇದೆ ತಾನೆ? ಇನ್ನೊಂದು. ಇನ್ನೂ ಇದೆಯೇ? ಮತ್ತೊಂದು. ಕೊನೆಗೆ ಚಿತ್ರ ಹೋಯಿತು ಅನ್ನುವಾಗ, ‘ಈ ಕೊನೆಯದ್ದೊಂದು ಬೇಕು ಅಂತ ಕಾಣುತ್ತದೆ, ವಾಪಸ್ ಹಾಕು’ ಎಂದು ಹೇಳಿ ಮುಂದಿನ ಮೇಜಿಗೆ ಹೋಗುವುದು. ಅವನ ಟಿವಿ ದೊಡ್ಡ ಪಟ್ಟಣದವರಿಗೆ, ಸ್ಟೇಷನ್ನಿನ ಹತ್ತಿರ ಇದ್ದವರಿಗೆ ಚೆನ್ನಾಗಿ ನಡೆಯುತ್ತಿತ್ತು. ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ ದೂರದರ್ಶನದ ಬದಲು ಮಳೆ ನೋಡಿದ ನಮ್ಮ ಕಡೆಗೆ ಅದನ್ನು ತಂದಿದ್ದರೆ ಏನಾಗುತ್ತಿತ್ತೋ. ಅದು ಬೇರೆ ಮಾತು.

ಅಗ್ಗದ ಹುಚ್ಚು ನಮ್ಮ ರಾಜ್ಯಕ್ಕೂ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಒಂದು ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ 2001ರ ಸುಮಾರಿಗೆ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ತೋರಿಸಿದ್ದರು. ಹಳ್ಳಿಯವರೂ ಹಂಚಿಕೊಂಡು ಬಳಸಲಿ, ಬೆಲೆ ಹತ್ತು ಸಾವಿರದ ಒಳಗಿರಲಿ ಎಂಬುದು ಅವರ ಆಸೆ. 2004ರಲ್ಲಿ ಬಿಇಎಲ್ ಅದನ್ನು ಮಾರುಕಟ್ಟೆಗೂ ತಂದಿತು. ಜನ ಮಾತ್ರ ಮೊಬೈಲ್ ಫೋನಿನ ಕಡೆ ಹೋದರು. ಇದನ್ನು ನಾನು ಹೆಂಡತಿಗೆ ಹೇಳಿದಾಗ ಅವಳು ಅಂದದ್ದು ಇಷ್ಟೇ: ‘ಅಷ್ಟು ಓದಿದವ್ರದ್ದೇ ಹಂಗಾತು. ನಿಮ್ದು ಎಂತ ಆಗ್ತು ನೋಡ್ವ.’

ನನ್ನದು ಸೈಕಲ್ಲಿನ ಸ್ಪೀಡೋಮೀಟರ್.

ಸೈಕಲ್ಲು ಮಗನದ್ದು. ಕೊರೊನಾ ಕಾಲದಲ್ಲಿ ಮನೆಯಿಂದಲೇ ಆಫೀಸು ಮಾಡುತ್ತಿದ್ದವನು ಗೇರಿನ ಸೈಕಲ್ ತರಿಸಿ, ಬೆಂಗಳೂರಿಗೆ ವಾಪಸಾಗುವಾಗ ಅಟ್ಟದ ಕೆಳಗೆ ಬಿಟ್ಟು ಹೋಗಿದ್ದ. ಡಾಕ್ಟರು ನನ್ನ ಸಕ್ಕರೆಯ ಚೀಟಿ ನೋಡಿ ‘ಬೆಳಗ್ಗೆ ಸ್ವಲ್ಪ ಮೈ ಅಲುಗಾಡಿಸಿ’ ಎಂದ ಮೇಲೆ ಅದು ನನ್ನ ಪಾಲಿಗೆ ಬಂತು. ಕೆರೆಯ ಪಕ್ಕದ ದಾರಿ ಹಿಡಿದು ಬನವಾಸಿ ಕಡೆ ಹೋಗುವುದು, ಮಧುಕೇಶ್ವರನಿಗೆ ಹೊರಗಿನಿಂದಲೇ ಕೈಮುಗಿದು ಹಿಂತಿರುಗುವುದು. ಎಷ್ಟು ವೇಗದಲ್ಲಿ ಹೋಗುತ್ತೇನೆ ಎಂದು ಜಗತ್ತಿನಲ್ಲಿ ಯಾರೂ ಕೇಳಿರಲಿಲ್ಲ. ಎಲೆಕ್ಟ್ರಾನಿಕ್ಸಿನ ಹುಚ್ಚು ಇರುವವನಿಗೆ ಯಾರೂ ಕೇಳದ ಪ್ರಶ್ನೆಯೇ ಬೇಕು.

ಮಾಡುವ ಕ್ರಮ ಸುಲಭ. ಮುಂದಿನ ಚಕ್ರದ ಕಡ್ಡಿಗೆ ಹಾಳಾದ ಇಯರ್‌ಫೋನಿನಿಂದ ಕಿತ್ತ ಪುಟ್ಟ ಅಯಸ್ಕಾಂತ. ಅದು ಪ್ರತಿ ಸುತ್ತಿಗೆ ಹಾದುಹೋಗುವ ಕಡೆ ಫೋರ್ಕಿಗೆ ಒಂದು ರೀಡ್ ಸ್ವಿಚ್, ಅಂದರೆ ಗಾಜಿನ ಕೊಳವೆಯೊಳಗೆ ಮುಟ್ಟಿಯೂ ಮುಟ್ಟದಂತೆ ಇರುವ ಎರಡು ಲೋಹದ ಎಳೆ; ಅಯಸ್ಕಾಂತ ಬಂದರೆ ಕೂಡುತ್ತವೆ, ಹೋದರೆ ಬಿಡುತ್ತವೆ. ಅದು 12 ರೂಪಾಯಿ. ಎಣಿಸಲು ಚೀನಾದ ಒಂದು ಪುಟ್ಟ ಚಿಪ್ಪು. ಸಗಟಿನಲ್ಲಿ ಕೊಂಡರೆ ಹತ್ತು ಅಮೆರಿಕನ್ ಸೆಂಟಿನ ಆಸುಪಾಸು, ಬಿಡಿಯಾಗಿ ನನ್ನಂಥವನ ಕೈಗೆ ಬರುವಾಗ 25 ರೂಪಾಯಿ. ಸೆಕೆಂಡಿಗೆ 4 ಕೋಟಿ 80 ಲಕ್ಷ ಸಲ ಮಿಡಿಯುವ ಆ ಚಿಪ್ಪನ್ನು ನಾನು ಸೆಕೆಂಡಿಗೆ ಒಂದೂವರೆ ಸುತ್ತು ತಿರುಗುವ ಸೈಕಲ್ ಚಕ್ರ ಎಣಿಸಲು ಕೂರಿಸಿದೆ. ತೋರಿಸುವುದಕ್ಕೆ ಎರಡು ಅಂಕಿಯ ಕೆಂಪು ಡಿಸ್‌ಪ್ಲೇ. ಮೂರನೆಯ ಅಂಕಿ ಹಾಕಲಿಲ್ಲ. ಗಂಟೆಗೆ ನೂರು ಕಿಲೋಮೀಟರು ದಾಟುವ ಸಂಭವ ನನ್ನ ವಯಸ್ಸಿಗೆ ಇರಲಿಲ್ಲ. ಚಕ್ರದ ಸುತ್ತಳತೆ ಬೇಕಲ್ಲ? ಟಯರಿಗೆ ರಂಗೋಲಿ ಪುಡಿಯ ಗುರುತು ಹಾಕಿ, ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಟೇಪು ಹಿಡಿದೆ. ಎರಡು ಮೀಟರಿನ ಮೇಲೆ ಏಳು ಸೆಂಟಿಮೀಟರ್ ಬಂತು. ಆ ಎರಡು ಮೀಟರಿನ ನಡುವೆ ಅಮ್ಮ ಬೆಳಗ್ಗೆ ಹಾಕಿದ ರಂಗೋಲಿಯೂ ಬಂತು. ಅದರ ಮಾತು ಇಲ್ಲಿ ಬೇಡ.

ಎಲ್ಲ ಮುಗಿದ ಮೇಲೆ ಮಂಟ್ಜ್ ಮೈಮೇಲೆ ಬಂದ. ರೀಡ್ ಸ್ವಿಚ್ಚಿನ ಪಕ್ಕ ಒಂದು ಕೆಪಾಸಿಟರ್ ಹಾಕಬೇಕೆಂದು ಎಲ್ಲ ನಕ್ಷೆಗಳಲ್ಲೂ ಇರುತ್ತದೆ. ‘104’ ಎಂದು ಮೈಮೇಲೆ ಬರೆದಿರುವ, ಮೆಂತೆ ಕಾಳಿಗಿಂತ ಸ್ವಲ್ಪ ದೊಡ್ಡ ವಸ್ತು, ಒಂದು ರೂಪಾಯಿ. ಅದರ ಕೆಲಸ ಸ್ವಿಚ್ಚಿನ ನಡುಕವನ್ನು ನುಂಗಿಕೊಳ್ಳುವುದು. ಲೋಹದ ಎಳೆಗಳು ಒಂದಕ್ಕೊಂದು ಬಡಿದಾಗ ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊತ್ತು ಕುಣಿಯುತ್ತವೆ. ನಮಗೆ ಅದು ಒಂದು ಹೊಡೆತ, ಮೈಯೆಲ್ಲ ಕಣ್ಣಾಗಿರುವ ಆ ಚಿಪ್ಪಿಗೆ ಐದಾರು. ಮೇಜಿನ ಮೇಲೆ ಚಕ್ರ ತಿರುಗಿಸಿ ನೋಡಿದೆ. ಕೆಪಾಸಿಟರ್ ಇಲ್ಲದೆಯೂ ಸರಿಯಾಗಿಯೇ ತೋರಿಸಿತು. ಚಕ್! 97 ಇದ್ದದ್ದು 96 ಆಯಿತು. ಆ ರಾತ್ರಿ ಬಂದಂಥ ನಿದ್ದೆ ಅಡಿಕೆಗೆ ಕ್ವಿಂಟಾಲಿಗೆ ಐವತ್ತು ಸಾವಿರ ಬಂದ ದಿನವೂ ಬಂದಿರಲಿಲ್ಲ.

ಮಾರನೆಯ ಬೆಳಗ್ಗೆ ಇಬ್ಬನಿಯಲ್ಲಿ ಹೊರಟೆ. ಮನೆಯ ಮುಂದಿನ ದಾರಿಯಲ್ಲಿ 9. ಇಳಿಜಾರಿನಲ್ಲಿ 14. ಕೆರೆಯ ಹತ್ತಿರ ಬರುತ್ತಲೇ ರಸ್ತೆಯ ಡಾಂಬರು ಎದ್ದ ಜಾಗ ಬಂತು, ಕೆಂಪು ಅಂಕಿ 38ಕ್ಕೆ ನೆಗೆಯಿತು. ಆಮೇಲೆ 61. ಆಮೇಲೆ 99. ಹ್ಯಾಂಡಲ್ಲಿನ ಮೇಲೆ 99 ಎಂದು ಬೆಳಗುತ್ತಿರುವಾಗ, ಅದು ನಿಜವಲ್ಲ ಎಂದು ಗೊತ್ತಿದ್ದರೂ, ನಿಮ್ಮ ಕಣ್ಣು ರಸ್ತೆಯ ಮೇಲೆ ಇರುತ್ತದೆಯೇ? ನನ್ನದಿರಲಿಲ್ಲ. ಮುಂದೆ ತಿರುವಿತ್ತು. ರಸ್ತೆ ತಿರುಗಿತು, ನಾನು ತಿರುಗಲಿಲ್ಲ.

ಗಟಾರದ ಆಚೆ ಎಡ ಹೆಗಲ ಮೇಲೆ ಬಿದ್ದೆ. ಬಿದ್ದಲ್ಲಿಂದ ಕೆರೆ ಬಹಳ ಚೆಂದ ಕಾಣುತ್ತದೆ. ಚಳಿಗಾಲದ ಹಕ್ಕಿಗಳು ಒಮ್ಮೆ ಎದ್ದು, ವಿಶೇಷ ಏನಿಲ್ಲ ಎಂದು ಮತ್ತೆ ಕೂತವು. ಸೈಕಲ್ಲು ತಲೆಕೆಳಗಾಗಿ ಬಿದ್ದು ಮುಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ತಲೆ ಎತ್ತಿ ನೋಡಿದೆ: ಡಿಸ್‌ಪ್ಲೇ 11 ತೋರಿಸುತ್ತಿತ್ತು, ಆಮೇಲೆ 10, ಆಮೇಲೆ 9. ಹೊಂಡವಿಲ್ಲ, ಕುಲುಕಾಟವಿಲ್ಲ, ರಸ್ತೆ ಬಿಟ್ಟ ಮೇಲೆ ಅದು ಕರಾರುವಾಕ್ಕಾಗಿ ಕೆಲಸ ಮಾಡುತ್ತಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ ಇರಬೇಕು. ಡೇರಿಗೆ ಹಾಲಿನ ಕ್ಯಾನು ಒಯ್ಯುತ್ತಿದ್ದ ಹುಡುಗ ಬೈಕು ನಿಲ್ಲಿಸಿ ಮೊದಲು ಕೇಳಿದ್ದು, ‘ಸೈಕಲ್ಲಿಗೆ ಎಂತದೂ ಆಗ್ಲಿಲ್ಲ ಅಲ್ದ್ರಾ?’ ನಾನು ‘ಮೀಟರ್ ಸರಿ ಇದೆ’ ಎಂದೆನಂತೆ. ತಲೆಗೆ ಏಟು ಬಿದ್ದಿದೆ ಎಂದು ಅವನು ಊರೆಲ್ಲ ಹೇಳಿದ್ದು ಈ ಒಂದು ಮಾತಿನ ಮೇಲೆ.

ಶಿರಸಿಯಲ್ಲಿ ಎಕ್ಸ್‌ರೇ ತೆಗೆದರು. ಕಾಲರ್ ಬೋನು ಮುರಿದಿತ್ತು. ಸೈಕಲ್ಲಿನಿಂದ ಬಿದ್ದವರಿಗೆ ಹೆಚ್ಚಾಗಿ ಮುರಿಯುವ ಮೂಳೆಯೇ ಇದು, ಹೆಗಲ ಮೇಲೆ ಬಿದ್ದ ಭಾರವೆಲ್ಲ ಅದರ ಮೂಲಕವೇ ದಾಟಬೇಕಲ್ಲ. ಆಪರೇಷನ್ ಬೇಡ, ತಾನೇ ಕೂಡಿಕೊಳ್ಳುತ್ತದೆ, ಆದರೆ ಒಂದೂವರೆ ತಿಂಗಳು ಕೈಯನ್ನು ಜೋಳಿಗೆಯಲ್ಲಿ ಇಟ್ಟುಕೊಂಡಿರಿ ಎಂದರು. ಒಂದೂವರೆ ತಿಂಗಳು ಅಂದ ಕೂಡಲೇ ಹೆಂಡತಿ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದಳು. ನಾನೂ ನೋಡಿದೆ. ಮುಂದಿನ ವಾರ ಅಡಿಕೆಯ ಕೊನೆ ಕೊಯ್ಲು.

ಕೊನೆ ಕೊಯ್ಲಿನ ಮುಂದೆ ಕೈ ಮುರಿದುಕೊಳ್ಳುವ ಗಂಡಸನ್ನು ಮಲೆನಾಡು ಹೇಗೆ ನೋಡುತ್ತದೆ ಎಂದು ಬೇರೆ ಊರಿನವರಿಗೆ ತಿಳಿಯುವುದು ಕಷ್ಟ. ಯಾರೂ ಏನೂ ಅನ್ನುವುದಿಲ್ಲ. ಎಕ್ಸ್‌ರೇ ಫಿಲ್ಮನ್ನು ಮಾತ್ರ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡುತ್ತಾರೆ.

ಮನೆಗೆ ಬಂದ ಸಂಜೆಯೇ ಹೆಂಡತಿ ಪುಸ್ತಕ ತೆಗೆದಳು. ಸ್ಪೀಡೋಮೀಟರಿನ ಲೆಕ್ಕ ಬರೆದಿದ್ದ ಪುಟದಲ್ಲೇ, ಅದರ ಕೆಳಗೆ, ಕಾರಿನ ಬಾಡಿಗೆ, ಎಕ್ಸ್‌ರೇ, ಜೋಳಿಗೆ, ಗುಳಿಗೆ ಎಂದು ಸಾಲಾಗಿ ಸೇರಿಸಿ ಒಟ್ಟು ಹಾಕಿದಳು. ನಾನು ಆಕ್ಷೇಪಿಸಿದೆ, ಇದು ಬೇರೆ ಖಾತೆ ಎಂದೆ. ‘ಒಂದೇ ಖಾತೆ’ ಎಂದಳು. ಒಂದು ರೂಪಾಯಿ ಉಳಿಸಿದ್ದು ಮಾತ್ರ ಯಾವ ಕಾಲಮ್ಮಿನಲ್ಲೂ ಬರಲಿಲ್ಲ.

ಮಾರನೆಯ ದಿನದಿಂದ ನೋಡುವವರು ಬರತೊಡಗಿದರು. ನಮ್ಮ ಗುಡ್ನಾಪುರದಲ್ಲಿ ಏನಾದರೂ ನಡೆದು ಬಹಳ ಕಾಲವಾಗಿತ್ತು. ಕದಂಬರ ರವಿವರ್ಮ ಇಲ್ಲಿ ಮನ್ಮಥನಿಗೆ ಆಲಯ ಕಟ್ಟಿಸಿ, ತನ್ನ ವಂಶದ ಕಥೆಯನ್ನೆಲ್ಲ ಸಂಸ್ಕೃತದಲ್ಲಿ ಕಂಬದ ಮೇಲೆ ಕೆತ್ತಿಸಿ ಹೋದ ಮೇಲೆ, ಅಂದರೆ ಸುಮಾರು 1500 ವರ್ಷದಿಂದ, ಊರಿಗೆ ಹೇಳಿಕೊಳ್ಳುವಂಥ ಸುದ್ದಿ ಇರಲಿಲ್ಲ. ಹಾಗಾಗಿ ಜನ ಉದಾರವಾಗಿ ಬಂದರು. ರೋಗಿಯನ್ನು ಬರಿಗೈಯಲ್ಲಿ ನೋಡಬಾರದಲ್ಲ, ಒಬ್ಬೊಬ್ಬರೂ ಬಿಸ್ಕತ್ತಿನ ಪೊಟ್ಟಣ ತಂದರು. ಸಕ್ಕರೆ ಇರುವವನಿಗೆ ಬಿಸ್ಕತ್ತು! ಬಂದವರಿಗೆಲ್ಲ ಅಮ್ಮ ಕಷಾಯ ಕೊಡುವುದು, ಕಷಾಯದ ಜೊತೆ ಹಿಂದಿನವರು ತಂದ ಬಿಸ್ಕತ್ತು ಇಡುವುದು. ಹೀಗೆ ಒಂದೇ ಪೊಟ್ಟಣ ಎರಡು ಮೂರು ಮನೆಯವರನ್ನು ಸುಧಾರಿಸುತ್ತಿತ್ತು.

‘ಎಂತ ಆತು?’ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ದಿನ ಕಥೆಯಲ್ಲಿ ಇಬ್ಬನಿಯಿತ್ತು. ಆಮೇಲೆ ಎದುರಿಗೆ ಒಂದು ಕರು ಬಂತು. ಕರು ಬರುಬರುತ್ತ ಎಮ್ಮೆಯಾಯಿತು. ಎಮ್ಮೆ ಕಾಡುಕೋಣವಾಗುವುದರೊಳಗೆ ಒಳಗಿನಿಂದ ಹೆಂಡತಿಯ ದನಿ ಬಂತು: ‘ಮೀಟರ್ ನೋಡ್ತಾ ಗಟಾರಕ್ಕೆ ಹೋದ್ದು.’ ಅಲ್ಲಿಗೆ ನನ್ನ ಸಾಹಿತ್ಯ ಮುಗಿಯಿತು.

ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿತ. ಸಾಲಾಗಿ ಮೆಟ್ಟುಗತ್ತಿ, ಒಂದು ಕಡೆ ಸಿಪ್ಪೆಯ ರಾಶಿ, ಇನ್ನೊಂದು ಕಡೆ ಊರಿನ ಎಲ್ಲ ಮನೆಗಳ ಸುದ್ದಿ. ಒಂದು ಕೈಯಲ್ಲಿ ಅಡಿಕೆ ಸುಲಿಯುವುದು ಆಗದ ಮಾತು. ನಾನು ಜೋಳಿಗೆ ಕಟ್ಟಿಕೊಂಡು ಜಗುಲಿಯ ಮೇಲೆ ಕೂತೆ. ಕೂತವನಿಗೆ ಕಣ್ಣಿಗೆ ಬಿದ್ದದ್ದು, ಅಂಗಳಕ್ಕೆ ಹಾಕಿದ ಎರಡು ಎಲ್ಇಡಿ ಬಲ್ಬಿನಲ್ಲಿ ಒಂದು ಉರಿಯುತ್ತಿಲ್ಲ ಎಂಬುದು.

ಹಾಳಾದ ಎಲ್ಇಡಿ ಬಲ್ಬನ್ನು ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಳಗೆ ಅಲ್ಯೂಮಿನಿಯಮ್ ಬಿಲ್ಲೆಯ ಮೇಲೆ ಹಳದಿ ಚೌಕಗಳು ಸಾಲಾಗಿ, ಒಂದರ ಬಾಲ ಒಂದು ಹಿಡಿದು ಕೂತಿರುತ್ತವೆ. ಒಂದು ಸುಟ್ಟರೆ ಕರೆಂಟು ಮುಂದೆ ಹೋಗುವುದಿಲ್ಲ, ಇಡೀ ಬಲ್ಬು ಕತ್ತಲು. ಸುಟ್ಟ ಚೌಕದ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ ಇರುತ್ತದೆ. ಹೋಲ್ಡರಿನಿಂದ ಬಿಚ್ಚಿ, ಒಳಗಿನ ಕೆಪಾಸಿಟರಿನಲ್ಲಿ ಉಳಿದ ಕರೆಂಟು ಇಳಿಯಲು ಬಿಟ್ಟು, ಮೇಲಿನ ಬಿಳಿ ಟೊಪ್ಪಿ ಎಬ್ಬಿಸಿ, ಆ ಒಂದು ಚೌಕ ಕೆರೆದು ತೆಗೆದು, ಅದರ ಎರಡು ತುದಿಗೆ ಒಂದು ಹನಿ ಸೀಸದಿಂದ ಸೇತುವೆ ಹಾಕಿದರೆ ಮುಗಿಯಿತು. ನೂರು ರೂಪಾಯಿಯ ಬಲ್ಬು, ರಿಪೇರಿ ಖರ್ಚು ನಾಲ್ಕಾಣೆ. ಇದಕ್ಕಿಂತ ಅಗ್ಗ ಎಲೆಕ್ಟ್ರಾನಿಕ್ಸಿನಲ್ಲಿ ಇಲ್ಲ.

ತೊಡಕು ಒಂದೇ. ಸೋಲ್ಡರಿಂಗಿಗೆ ಮೂರು ಕೈ ಬೇಕು: ಐರನ್ ಹಿಡಿಯಲು ಒಂದು, ಸೀಸದ ತಂತಿಗೆ ಒಂದು, ವಸ್ತು ಅಲುಗದಂತೆ ಹಿಡಿಯಲು ಒಂದು. ದೇವರು ಕೊಟ್ಟದ್ದು ಎರಡು. ಅದರಲ್ಲಿ ಒಂದನ್ನು ಡಾಕ್ಟರು ಕಟ್ಟಿಟ್ಟಿದ್ದರು. ಹೆಂಡತಿಯನ್ನು ಕರೆದೆ. ‘ಎರಡೇ ನಿಮಿಷ’ ಎಂದೆ. ಈ ಮಾತನ್ನು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ, ಆದರೂ ಮೆಟ್ಟುಗತ್ತಿ ಬಿಟ್ಟು ಎದ್ದು ಬಂದಳು. ಅಮ್ಮ ಟಾರ್ಚು ಹಿಡಿದಳು. ಅಲ್ಯೂಮಿನಿಯಮ್ ಬಿಲ್ಲೆ ಶಾಖವನ್ನೆಲ್ಲ ಕುಡಿದುಬಿಡುತ್ತದೆ, ಸೀಸ ಬೇಗ ಕರಗುವುದಿಲ್ಲ. ನಾನು ಐರನ್ ಒತ್ತುತ್ತಲೇ ಇದ್ದೆ. ‘ಸುಡ್ತು!’ ಎಂದು ಕೂಗಿ ಅವಳು ಬಲ್ಬು ಬಿಟ್ಟಳು. ಮತ್ತೆ ಮಸಿ ಅರಿವೆ ತಂದು ಅದರಲ್ಲಿ ಹಿಡಿದಳು. ಸೀಸ ಒಮ್ಮೆಲೇ ಕರಗಿ ಬೆಳ್ಳಗೆ ಹೊಳೆದು ಕೂತಿತು, ರಾಳದ ಹೊಗೆ ಎದ್ದಿತು. ‘ತಮಾ, ಧೂಪ ಹಾಕಿದ್ಯನ?’ ಎಂದು ಅಮ್ಮ ದೇವರ ಕೋಣೆಯ ಕಡೆ ತಿರುಗಿದಳು. ಟಾರ್ಚೂ ಅವಳ ಜೊತೆ ತಿರುಗಿತು.

ಬಲ್ಬು ಉರಿಯಿತು. ಸುಲಿತದವರೆಲ್ಲ ಒಂದು ಕ್ಷಣ ಕತ್ತಿ ನಿಲ್ಲಿಸಿ ನೋಡಿದರು. ನನಗೆ ಮಾತು ಬಂದುಬಿಟ್ಟಿತು. ‘ಒಂದು ಹೋಯಿತು ಅಂತ ಇಡೀ ಬಲ್ಬು ಎಸೆಯುವುದು ಎಂತಕ್ಕೆ? ಆ ಒಂದನ್ನು ದಾಟಿಸಿಬಿಟ್ಟರೆ ಆಯಿತು. ಉಳಿದವು ಸ್ವಲ್ಪ ಜಾಸ್ತಿ ಬಿಸಿಯಾಗಿ ದುಡಿಯುತ್ತವೆ, ಅಷ್ಟೇ.’ ಹೆಂಡತಿ ಸುಟ್ಟ ಬೆರಳು ಊದಿಕೊಳ್ಳುತ್ತ ಅಡಿಕೆ ರಾಶಿ ನೋಡಿದಳು, ನನ್ನ ಜೋಳಿಗೆ ನೋಡಿದಳು. ‘ಗೊತ್ತಿದ್ದು’ ಎಂದಳು.

ಮಗ ಫೋನು ಮಾಡಿದ್ದು ಆ ವಾರವೇ. ಬೈಗುಳ ಮುಗಿದ ಮೇಲೆ ಮೀಟರಿನ ವಿಷಯ ತೆಗೆದೆ. ಕೆಪಾಸಿಟರ್ ವಾಪಸ್ ಹಾಕುವುದೆಂದು ತೀರ್ಮಾನಿಸಿದ್ದೇನೆ, 97 ಆದರೂ ಅಡ್ಡಿಯಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪಾ, ಅದಕ್ಕೆ ಕೆಪಾಸಿಟರ್ ಎಂತಕ್ಕೆ? ಒಂದು ಸಲ ಎಣಿಸಿದ ಮೇಲೆ ಒಂದಷ್ಟು ಮಿಲಿಸೆಕೆಂಡು ಕಣ್ಣು ಮುಚ್ಚಿಕೊಂಡಿರು ಅಂತ ಚಿಪ್ಪಿಗೆ ಹೇಳು. ಎರಡು ಸಾಲಿನ ಕೋಡು’ ಎಂದ.

ಎರಡು ಸಾಲು, ಖರ್ಚು ಸೊನ್ನೆ. 96 ಹಾಗೇ ಉಳಿಯಿತು! ಹೆಗಲ ನೋವು ಮರೆತು ಎದ್ದು ಕೂತೆ. ನಾನು ಆ ಬಿಡಿಭಾಗವನ್ನು ಕಿತ್ತದ್ದು ಸರಿಯೇ ಇತ್ತು, ಸ್ವಲ್ಪ ಮುಂಚೆ ಕಿತ್ತೆ ಅಷ್ಟೇ. ಇದನ್ನು ಹೆಂಡತಿಗೆ ವಿವರಿಸಲು ಹೋದೆ. ಪುಸ್ತಕ ತರಲೇ ಎಂದಳು. ಬೇಡ ಎಂದೆ.

ಈಗ ಜೋಳಿಗೆ ಬಿಚ್ಚಿದ್ದಾರೆ. ಹೆಗಲು ಹಿಡಿದುಕೊಂಡಿದೆ. ಮುಂದಕ್ಕೆ ಬಾಗಿ ನಿಂತು ಕೈಯನ್ನು ಲೋಲಕದ ಹಾಗೆ ತೂಗಬೇಕು, ಹೊತ್ತಿಗೆ ಇಷ್ಟೆಂದು ಎಣಿಸಿ ಮಾಡಬೇಕು ಎಂದು ಹೇಳಿದ್ದಾರೆ. ಎಣಿಸುವುದು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮೀಟರನ್ನು ಸೈಕಲ್ಲಿನಿಂದ ಬಿಚ್ಚಿ, ವೇಗದ ಬದಲು ಎಣಿಕೆ ತೋರಿಸುವಂತೆ ಕೋಡು ತಿದ್ದಿ, ರೀಡ್ ಸ್ವಿಚ್ಚನ್ನು ಕುರ್ಚಿಯ ಕಾಲಿಗೆ, ಅಯಸ್ಕಾಂತವನ್ನು ಬೆರಳಿನ ಉಂಗುರಕ್ಕೆ ಅಂಟಿಸಿದೆ. ಕೈ ತೂಗಿದಂತೆಲ್ಲ ಕೆಂಪು ಅಂಕಿ ಏರುತ್ತದೆ, ಒಂದೂ ತಪ್ಪುವುದಿಲ್ಲ. ‘ಅದಕ್ಕೆ ಎಂತಕ್ಕೆ ಮಿಷನ್ನು, ಆನು ಎಣಿಸ್ತಿ’ ಎಂದು ಅಮ್ಮ ಪಕ್ಕದಲ್ಲಿ ಜಪಸರ ಹಿಡಿದು ಕೂರುತ್ತಾಳೆ. ಅವಳದ್ದೂ ನನ್ನದೂ ಇದುವರೆಗೆ ಒಮ್ಮೆಯೂ ವ್ಯತ್ಯಾಸ ಬಂದಿಲ್ಲ. ಅವಳ ವಿಧಾನಕ್ಕೆ 96 ರೂಪಾಯಿಯೂ ಬೀಳುವುದಿಲ್ಲ ಎಂಬುದನ್ನು ಹೆಂಡತಿ ಹೇಳುವ ಮೊದಲೇ ನಾನೇ ಹೇಳಿಬಿಟ್ಟಿದ್ದೇನೆ.

ಇನ್ನು ಗುಡ್ನಾಪುರ, ಬನವಾಸಿ ಕಡೆಯ ನೆಂಟರಿಷ್ಟರಲ್ಲಿ ಒಂದು ವಿನಂತಿ. ನೋಡಲು ಬರುವವರು ದಯವಿಟ್ಟು ಬಿಸ್ಕತ್ತು ತರಬೇಡಿ. ಮನೆಯಲ್ಲಿ ಹಾಳಾದ ಎಲ್ಇಡಿ ಬಲ್ಬಿದ್ದರೆ ಮೊದಲೇ ಯಾರ ಕೈಯಲ್ಲಾದರೂ ಕಳಿಸಿ, ಪುಕ್ಕಟೆ ಮಾಡಿಕೊಡುತ್ತೇನೆ. ನೀವು ಬರುವಾಗ ಮಾತ್ರ ಬರಿಗೈಯಲ್ಲೇ ಬನ್ನಿ, ಎರಡೂ ಕೈ ಬೇಕಾಗುತ್ತವೆ. ಮಸಿ ಅರಿವೆ ನಮ್ಮಲ್ಲೇ ಇದೆ.